ಬಿಟ್ಟಿ ಉಣ್ಣುವವರಿಗೆ ದಂಡ

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಕಡ್ಡಿಯನ್ನು ಕೊಡದೆಯೇ ಹೊರೆಯಲ್ಲಿ ಪಾಲು ಕೇಳುವವನೊಬ್ಬನು ಗುಂಪಿನಲ್ಲಿದ್ದರೆ ಆಗುವುದೇನು? ಅವನನ್ನು ದಂಡಿಸಿದರೆ ಸಹಕಾರವು ಬೆಳೆಯುವುದೆ? ಈ ಪ್ರಶ್ನೆಯನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿದವರಲ್ಲಿ ಅರ್ನ್ಸ್ಟ್ ಫೆರ್ ಮತ್ತು ಸಿಮೋನ್ ಗೆಕ್ಟರ್ ಎಂಬ ಅರ್ಥಶಾಸ್ತ್ರಜ್ಞರು ಪ್ರಮುಖರು. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ 240 ವಿದ್ಯಾರ್ಥಿಗಳನ್ನು ಕೂಡಿಸಿ ನಡೆಸಿದ ಅವರ ಪ್ರಯೋಗದ ಫಲಿತಾಂಶವು 2002ರಲ್ಲಿ ಪ್ರಕಟವಾಯಿತು.

ಪ್ರಯೋಗದ ನಿಯಮವು ಸರಳವಾದುದು. ನಾಲ್ವರದು ಒಂದು ಗುಂಪು. ಪ್ರತಿಯೊಬ್ಬರಿಗೂ 20 ಏಕಮಾನ ಹಣ. ಸಾಮಾನ್ಯ ನಿಧಿಗೆ ಯಾರು ಒಂದು ಏಕಮಾನವನ್ನು ಹಾಕಿದರೂ ನಾಲ್ವರಿಗೂ ತಲಾ 0.4 ಏಕಮಾನ ದೊರೆಯುವುದು. ಎಲ್ಲರೂ ಇದ್ದುದೆಲ್ಲವನ್ನೂ ಹಾಕಿದರೆ ತಲಾ 32 ಬರುತ್ತದೆ. ಮೂವರು ಹಾಕಿ ಒಬ್ಬನು ಕೈಕಟ್ಟಿ ಕುಳಿತರೆ, ಆ ಮೂವರಿಗೆ 24, ಅವನಿಗೆ 44! ಲೆಕ್ಕ ಬಲ್ಲವನಿಗೆ ಆಸೆ ಹುಟ್ಟುವುದು ಸಹಜವೇ. ದಂಡದ ಅವಕಾಶವಿಲ್ಲದಾಗ ಕೊಡುಗೆಗಳು ಸುತ್ತಿನಿಂದ ಸುತ್ತಿಗೆ ಕುಗ್ಗಿದವು; ಕೊನೆಯ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಏನನ್ನೂ ಹಾಕಲಿಲ್ಲ.

ಇನ್ನೊಂದು ಬಗೆಯ ಸುತ್ತುಗಳಲ್ಲಿ ಒಬ್ಬರನ್ನೊಬ್ಬರು ದಂಡಿಸಬಹುದಾಗಿತ್ತು. ದಂಡಿಸುವವನು 1 ಏಕಮಾನ ತೆತ್ತರೆ ದಂಡಿತನು 3 ಏಕಮಾನ ಕಳೆದುಕೊಳ್ಳುವನು. ಪ್ರತಿ ಸುತ್ತಿಗೂ ಗುಂಪು ಬದಲಾಗುತ್ತಿದ್ದುದರಿಂದ ದಂಡಿಸಿದವನಿಗೆ ಮುಂದೆ ಯಾವ ಲಾಭವೂ ಇರಲಿಲ್ಲ. ಆದರೂ ಆಟಗಾರರು ಕೈಯಿಂದ ಹಣ ತೆತ್ತು ದಂಡಿಸಿದರು, ಕೊಡುಗೆಗಳೂ ಏರಿದವು. ಬಿಟ್ಟಿ ಉಣ್ಣುವವನ ಮೇಲೆ ಹುಟ್ಟುವ ಕೋಪವೇ ಇದಕ್ಕೆ ಪ್ರೇರಣೆಯಾಗಿರಬೇಕೆಂದು ಸಂಶೋಧಕರು ಅಭಿಪ್ರಾಯಪಟ್ಟರು.

ಹಾಗಾದರೆ ದಂಡವೇ ಮದ್ದೆಂದು ನಾವು ತೀರ್ಮಾನಿಸಬಹುದೆ? ಇದೇ ಬಗೆಯ ಆಟವನ್ನು 16 ನಗರಗಳ ವಿದ್ಯಾರ್ಥಿಗಳೊಡನೆ ಆಡಿಸಿದ ಅಧ್ಯಯನವೊಂದು 2008ರಲ್ಲಿ ಹೊರಬಂದಿತು. ಬಾಸ್ಟನ್, ಕೋಪನ್‌ಹೇಗನ್‌ಗಳಲ್ಲಿ ದಂಡವು ಬಹುಮಟ್ಟಿಗೆ ಜಿಪುಣರ ಮೇಲೆಯೇ ಬಿದ್ದು ಸಹಕಾರವು ಉನ್ನತ ಮಟ್ಟದಲ್ಲಿ ನಿಂತಿತು. ಅಥೆನ್ಸ್, ಮಸ್ಕತ್‌ಗಳಲ್ಲಾದರೋ ಧಾರಾಳವಾಗಿ ಕೊಟ್ಟವರೂ ಹೆಚ್ಚಾಗಿ ದಂಡನೆಗೆ ಗುರಿಯಾದರು. ಸೇಡಿಗೆ ಬಳಸಿದ ದಂಡವು ಸಹಕಾರದ ಬೇರನ್ನೇ ಕೊಯ್ಯುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಲದ ಅಂಶವೂ ಗಮನಾರ್ಹ. ಅದೇ ವರ್ಷ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, 10 ಸುತ್ತುಗಳ ಆಟದಲ್ಲಿ ದಂಡದ ಖರ್ಚು ಸಹಕಾರದ ಲಾಭವನ್ನು ನುಂಗಿಹಾಕಿತು. 50 ಸುತ್ತುಗಳ ಆಟದಲ್ಲಿ ಗುಂಪಿಗೆ ಲಾಭವೇ ಉಳಿಯಿತು. ದಂಡದ ಭಯವು ನೆಲೆಗೊಂಡ ಮೇಲೆ ದಂಡಿಸುವ ಅಗತ್ಯವೇ ವಿರಳವಾಗುತ್ತದೆ.

ಮೀನುಗಾರಿಕೆ, ನೀರಾವರಿ, ಕಾಡುಗಳನ್ನು ತಲೆಮಾರುಗಳಿಂದ ಕೂಡಿ ಕಾಪಾಡಿಕೊಂಡು ಬಂದ ಸಮುದಾಯಗಳನ್ನು ಅಭ್ಯಸಿಸಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಎಲಿನಾರ್ ಆಸ್ಟ್ರಮ್ ಅವರೂ ಇದಕ್ಕೆ ಹೊಂದುವ ಮಾತನ್ನೇ ಹೇಳಿದ್ದಾರೆ. ಅಲ್ಲಿ ನಿಯಮಗಳನ್ನು ರೂಪಿಸುವುದರಲ್ಲಿ ಬಳಕೆದಾರರಿಗೇ ಪಾಲುಂಟು. ಮೊದಲ ತಪ್ಪಿಗೆ ಲಘು ದಂಡ, ತಪ್ಪು ಮರುಕಳಿಸಿದರೆ ಹೆಚ್ಚಿನದು. ಎಲ್ಲರೂ ಒಪ್ಪಿದ ನಿಯಮವಿದ್ದಲ್ಲಿ ಸಣ್ಣ ದಂಡವೂ ಸಾಕು. ಆ ಒಪ್ಪಿಗೆ ಇಲ್ಲದಲ್ಲಿ ದೊಡ್ಡ ದಂಡವೂ ಜಗಳಕ್ಕೆ ದಾರಿಯಾಗುತ್ತದೆ.