ಕೂಲಂಟ್‌ನಲ್ಲೂ ಗ್ಲೈಕಾಲ್, ಸಿರಪ್‌ನಲ್ಲೂ ಗ್ಲೈಕಾಲ್: ಯಾವುದು ಬಳಕೆಗೆ, ಯಾವುದು ವಿಷ?

ಹರಿಹರ: ಅಮಾವಾಸ್ಯೆ ಬಂತೆಂದರೆ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ವಾಹನಗಳ ಸಾಲು. ದಾರಿಯಲ್ಲಿ ಇಂಜಿನ್ ಬಿಸಿಯಾದರೆ ಚಾಲಕರು ಅಂಗಡಿಯಲ್ಲಿ ಕೇಳುವುದು ಕೂಲಂಟ್. ಅದರ ಡಬ್ಬಿ ಮೇಲಿರುವ ‘ಗ್ಲೈಕಾಲ್’ ಅನ್ನೋ ಪದ ಕೆಲವು ಸಿರಪ್, ಬೇಕರಿ ಎಸೆನ್ಸ್, ಮುಖದ ಕ್ರೀಮುಗಳ ಲೇಬಲ್‌ನಲ್ಲೂ ಇರುತ್ತೆ. ಮನೆತನ ಒಂದೇ, ಗುಣ ಬೇರೆ ಬೇರೆ.

ತಿನ್ನುವ, ಕುಡಿಯುವ ಪದಾರ್ಥದಲ್ಲಿ ಬಳಸೋದು ಪ್ರೊಪಿಲೀನ್ ಗ್ಲೈಕಾಲ್. ಬಣ್ಣವಿಲ್ಲ, ವಾಸನೆಯಿಲ್ಲ, ತುಸು ಸಿಹಿ, ಮುಟ್ಟಿದರೆ ಎಣ್ಣೆಯಂತೆ ಮಂದ. ನೀರಲ್ಲಿ ಪೂರ್ತಿ ಬೆರೆಯುತ್ತೆ, ಸುಮಾರು 188 ಡಿಗ್ರಿಗೆ ಕುದಿಯುತ್ತೆ. ನೀರಲ್ಲಿ ಕರಗದ ಎಷ್ಟೋ ಔಷಧ, ಪರಿಮಳಗಳು ಇದರಲ್ಲಿ ಕರಗುವುದರಿಂದಲೇ ಇದಕ್ಕೆ ಇಷ್ಟು ಬೇಡಿಕೆ. ಆಹಾರದ ಲೇಬಲ್‌ನಲ್ಲಿ ಇದರ ಸಂಖ್ಯೆ 1520. ಮಿತಿಯಲ್ಲಿ ಬಳಸಿದರೆ ತೊಂದರೆಯಿಲ್ಲ.

ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್. ಕುದಿಯೋದು 197 ಡಿಗ್ರಿಗೆ. ಚಳಿದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಹಾಕ್ತಾರೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಬೇಕಾದದ್ದು ರೇಡಿಯೇಟರ್ ನೀರು ಬೇಗ ಕುದಿಯದಂತೆ ತಡೆಯುವ ಗುಣ. ತುಕ್ಕು ತಡೆಯಲು ಅದರ ಜೊತೆ ಬೇರೆ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಪಾಲಿಯೆಸ್ಟರ್ ಬಟ್ಟೆ, ನೀರಿನ ಪ್ಲಾಸ್ಟಿಕ್ ಬಾಟಲಿಗೂ ಇದೇ ಕಚ್ಚಾವಸ್ತು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ಇವತ್ತು ಮಾರಾಟವಾಗುವ ಎಷ್ಟೋ ಸೀರೆಗಳ ಮೂಲ ಇದೇ ದ್ರವ! ಆದರೆ ಕುಡಿದರೆ ಇದು ವಿಷ. ದೇಹದೊಳಗೆ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಕಿಡ್ನಿ ಕೆಡಿಸುತ್ತೆ.

ಮೂರನೆಯದು ಡೈಎಥಿಲೀನ್ ಗ್ಲೈಕಾಲ್. ಬ್ರೇಕ್ ಆಯಿಲ್, ರಾಳದಂಥ ಕೈಗಾರಿಕೆಗಳಿಗೆ ಸೇರಿದ್ದು. ನೋಡಲು, ರುಚಿಗೆ ಔಷಧದ ಗ್ಲೈಕಾಲ್, ಗ್ಲಿಸರಿನ್‌ನಂತೆಯೇ ಇರುವುದರಿಂದ ಎಡವಟ್ಟೆಲ್ಲ ಇಲ್ಲೇ. 1937ರಲ್ಲಿ ಅಮೆರಿಕದಲ್ಲಿ ಇದನ್ನೇ ಬೆರೆಸಿ ಮಾಡಿದ ಸಲ್ಫಾ ಔಷಧಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳನ್ನು ಬಲಿ ಪಡೆದ ಕೋಲ್ಡ್ರಿಫ್ ಸಿರಪ್‌ನಲ್ಲಿ ಇದು ಶೇ. 48.6ರಷ್ಟಿತ್ತು. ಇರಬಹುದಾದ ಮಿತಿ ಶೇ. 0.1 ಮಾತ್ರ. ಅಂದರೆ ಬಾಟಲಿಯ ಅರ್ಧದಷ್ಟು ವಿಷವೇ. ಲ್ಯಾಬ್ ಪರೀಕ್ಷೆ ಇಲ್ಲದೆ ಕಣ್ಣಲ್ಲಿ ನೋಡಿ ಇದನ್ನು ಹಿಡಿಯಲು ಯಾವ ಅಂಗಡಿಯವರಿಗೂ ಆಗದು.

ಅಂಗಡಿಯವರ ಕೈಲಿರೋದು ಬೇರೆ. ಸಿರಪ್, ಎಸೆನ್ಸ್ ಯಾವುದನ್ನೇ ಆಗಲಿ ಬಿಲ್ ಇಲ್ಲದೆ ಖರೀದಿಸಬಾರದು. ಬ್ಯಾಚ್ ನಂಬರ್ ಇರುವ ಬಿಲ್ ಜೋಪಾನ. ಕೈಗಾರಿಕೆ ದರ್ಜೆಯ ಗ್ಲೈಕಾಲ್ ಅಗ್ಗಕ್ಕೆ ಸಿಕ್ಕಿತೆಂದು ಬೇಕರಿಗೆ ತರಲೇಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ಶೀತದ ಸಿರಪ್ ಬೇಡ, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲೇ ಹೇಳಿದೆ.

ಗ್ಯಾರೇಜಿನವರು, ಟ್ರ್ಯಾಕ್ಟರ್ ಇರುವವರು ಉಳಿದ ಕೂಲಂಟನ್ನು ಜ್ಯೂಸ್ ಬಾಟಲಿಗೆ ತುಂಬಿಸಿಡುವ ಚಾಳಿ ಬಿಡಬೇಕು. ಬಣ್ಣ ಚೆಂದ, ರುಚಿ ಸಿಹಿ, ಮಕ್ಕಳು ಗುಟುಕರಿಸಿಬಿಡುತ್ತವೆ. ಮೊದಲು ಅಮಲೇರಿದಂತೆ ತೂರಾಟ, ವಾಂತಿ. ಮೂತ್ರ ಕಮ್ಮಿಯಾಗೋದು ಆಮೇಲೆ. ಅಲ್ಲಿವರೆಗೆ ಕಾಯದೆ, ಕುಡಿದದ್ದು ಗೊತ್ತಾದ ಕೂಡಲೇ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಹೋಗಬೇಕು.