ಸೀಮೆಯ ಆಚೆ, ಪಂಕ್ತಿಯ ಒಳಗೆ



ಗಣೇಶನ ಹಬ್ಬದಂದು ಪೂಜೆಗೆ ಕುಳಿತಾಗ ನಾವು ಮೊದಲು ಮಾಡುವುದು ಸಂಕಲ್ಪ. ಕಾಲ ಯಾವುದು, ದೇಶ ಯಾವುದು, ಪೂಜೆಗೆ ಕುಳಿತವರು ಯಾರು ಎಂಬುದನ್ನು ದೇವರೆದುರು ನಿವೇದಿಸಿಕೊಳ್ಳುವ ವಿಧಿ ಇದು. ನಮ್ಮ ತಂದೆ ತಾತಂದಿರು ಜಂಬೂದ್ವೀಪ, ಭರತವರ್ಷ ಎಂದು ಯೋಚಿಸದೆಯೇ ಹೇಳುತ್ತಿದ್ದರು. ಅಮೆರಿಕಕ್ಕೆ ಬಂದ ನಮಗೆ ಆ ಮಾತು ಬಂದಾಗ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಇಲ್ಲಿನ ಪುರೋಹಿತರಲ್ಲಿ ಅನೇಕರು ಇದಕ್ಕೆ ಪುರಾಣದಿಂದಲೇ ಪರಿಹಾರವನ್ನು ಹುಡುಕಿ, ಕ್ರೌಂಚದ್ವೀಪ ಎಂಬ ಹೆಸರನ್ನು ಬಳಕೆಗೆ ತಂದಿದ್ದಾರೆ. ಪುರಾಣಗಳು ಹೇಳುವ ಏಳು ದ್ವೀಪಗಳಲ್ಲಿ ಅದೂ ಒಂದು. ಹೀಗೆ ನಾವು ನಿಂತ ನೆಲವೂ ದೇವರಿಗೆ ಪರಿಚಿತವಾದ ನೆಲವೇ ಆಯಿತು. ಆದರೆ ಆ ತಡವರಿಕೆಯ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಕಡಲನ್ನು ದಾಟಿದಾಗ ನಾವು ನಿಜವಾಗಿ ದಾಟಿದ ಗಡಿ ಯಾವುದು? ಇಂದು ಆ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರಮಾಡಲು ಬಯಸುತ್ತೇವೆ.

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. ಕನ್ನಡದಲ್ಲಿ ಸೀಮೆ ಎಂದರೆ ಎಲ್ಲೆ. ಆ ಎಲ್ಲೆಯೊಳಗಿನ ನಾಡೂ ಸೀಮೆಯೇ. ಮುಂದೆ ಪರದೇಶಕ್ಕೂ ಇದೇ ಹೆಸರು ಅಂಟಿಕೊಂಡಿತು. ಹೊರಗಿನಿಂದ ಬಂದ ಎಣ್ಣೆ ಸೀಮೆಎಣ್ಣೆಯಾಯಿತು, ಸುಣ್ಣ ಸೀಮೆಸುಣ್ಣವಾಯಿತು, ಹಸು ಸೀಮೆಹಸುವಾಯಿತು. ನಾವು ಹುಳಿಗೆ ಹಾಕುವ ಸೀಮೆಬದನೆಯ ತವರು ಮೆಕ್ಸಿಕೋ ಕಡೆಯ ನೆಲ. ಅದು ಕಡಲು ದಾಟಿ ಬಂದು ನಮ್ಮ ಅಡುಗೆಮನೆಯಲ್ಲಿ ನೆಲೆಸಿತು. ಹೆಸರಿನಲ್ಲಿ ಮಾತ್ರ ಪರದೇಶದ ಗುರುತು ಉಳಿಯಿತು. ವಿಜಯದಶಮಿಯಂದು ಊರ ಎಲ್ಲೆಯನ್ನು ದಾಟಿ, ಶಮೀವೃಕ್ಷವನ್ನು ಪೂಜಿಸಿ, ಬನ್ನಿಯನ್ನು ಹಿಡಿದು ಮರಳುವ ಸೀಮೋಲ್ಲಂಘನವೂ ನಮ್ಮಲ್ಲಿದೆ. ಗಡಿಯನ್ನು ದಾಟುವುದೇ ಒಂದು ಹಬ್ಬವಾದ ಸಂಸ್ಕೃತಿ ನಮ್ಮದು. ದೇಶ ಸುತ್ತು, ಕೋಶ ಓದು ಎಂಬ ಗಾದೆಯೂ ನಮ್ಮದೇ.

ಹಾಗಿದ್ದರೆ ಸಮುದ್ರಯಾನ ಪಾಪವೆಂಬ ಮಾತು ಎಲ್ಲಿಂದ ಬಂದಿತು? ಬೌಧಾಯನ ಧರ್ಮಸೂತ್ರವು ಪತಿತರನ್ನಾಗಿಸುವ ಕರ್ಮಗಳ ಪಟ್ಟಿಯಲ್ಲಿ ಸಮುದ್ರಯಾನವನ್ನು ಮೊದಲಿಗೇ ಹೆಸರಿಸುತ್ತದೆ. ಅದೇ ಗ್ರಂಥ, ಕಡಲಿಗೆ ಹೋಗುವುದು ಉತ್ತರದೇಶದವರ ವಾಡಿಕೆಯೆಂದೂ ಹೇಳುತ್ತದೆ. ಎಂದರೆ ಹೋಗುವವರು ಹೋಗುತ್ತಲೇ ಇದ್ದರು. ಮನುಸ್ಮೃತಿಯಲ್ಲಿಯೂ ಇದೇ ಇಬ್ಬಗೆ ಕಾಣುತ್ತದೆ. ಸಾಗಣೆಯ ಬಡ್ಡಿಯನ್ನು ಸಮುದ್ರಯಾನದಲ್ಲಿ ನುರಿತವರು ನಿರ್ಣಯಿಸಬೇಕೆಂದು ಒಂದು ಕಡೆ ಹೇಳುವ ಆ ಗ್ರಂಥ, ಇನ್ನೊಂದು ಕಡೆ ಶ್ರಾದ್ಧದ ಭೋಜನಕ್ಕೆ ಕರೆಯಬಾರದವರ ಪಟ್ಟಿಯಲ್ಲಿ ಸಮುದ್ರಯಾಯಿಯನ್ನು ಸೇರಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಡಲು ದಾಟಿದವನ ಜ್ಞಾನ ಬೇಕು, ಅವನ ವ್ಯಾಪಾರ ಬೇಕು. ಅವನ ಪಕ್ಕದ ಎಲೆ ಮಾತ್ರ ಬೇಡ. ಗಡಿಯನ್ನು ಎಳೆದಿದ್ದುದು ನೀರಿನ ಮೇಲಲ್ಲ, ಊಟದ ಪಂಕ್ತಿಯಲ್ಲಿ. ದೂರ ಹೋದವನು ಯಾರ ಕೈಯ ಅನ್ನ ಉಂಡನೋ, ಯಾರ ನೀರು ಕುಡಿದನೋ ಎಂಬುದಕ್ಕೆ ಊರಿನವರಲ್ಲಿ ಸಾಕ್ಷಿಯಿಲ್ಲ. ಕಾಲಾಪಾನಿಯ ಭಯದ ಮೂಲದಲ್ಲಿದ್ದುದು ಈ ಸಾಕ್ಷಿಯಿಲ್ಲದ ಶಂಕೆಯೆಂದೇ ನಮಗೆ ತೋರುತ್ತದೆ.

ಶಾಸ್ತ್ರ ಹೀಗೆ ಹೇಳುತ್ತಿದ್ದ ಕಾಲದಲ್ಲಿಯೂ ಕನ್ನಡ ನಾಡು ಕಡಲಿಗೆ ಬೆನ್ನು ತಿರುಗಿಸಿರಲಿಲ್ಲ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕಸಂಘದ ವಿಚಾರ ನಿಮಗೆ ತಿಳಿದೇ ಇದೆ. ಆ ಐನೂರ್ವರ ಹೆಸರಿನ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನ ಬಳಿ ದೊರೆತಿದೆ. ಅದರ ಕಾಲ ಕ್ರಿ.ಶ. 1088. ಹೊರಗಿನಿಂದ ಬಂದವರೂ ಇದ್ದರು. ಇಂದಿನ ಟುನೀಸಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಸುಮಾರು ಹದಿನೇಳು ವರ್ಷಗಳ ಕಾಲ ಮಂಗಳೂರಿನಲ್ಲಿ ನೆಲೆಸಿದ್ದ. ಕೈರೋದ ಹಳೆಯ ಯೆಹೂದಿ ಮಂದಿರವೊಂದರಲ್ಲಿ ಉಳಿದುಬಂದ ಕಾಗದಪತ್ರಗಳಿಂದ ಅವನ ಕಥೆ ತಿಳಿಯುತ್ತದೆ. 1132ರಲ್ಲಿ ಅವನು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವಿದೆ; ಆಕೆಯನ್ನೇ ಅವನು ವರಿಸಿದನೆಂದು ವಿದ್ವಾಂಸರು ಭಾವಿಸುತ್ತಾರೆ. ಅವನ ವ್ಯವಹಾರಕ್ಕಾಗಿ ಏಡನ್‌ವರೆಗೂ ಹೋಗಿಬರುತ್ತಿದ್ದ ಸೇವಕನ ಹೆಸರು ಬೊಮ್ಮ. ಏಡನ್ನಿನ ವರ್ತಕನೊಬ್ಬ ಪತ್ರದಲ್ಲಿ ಆ ಬೊಮ್ಮನಿಗೂ ಶುಭಾಶಯ ತಿಳಿಸಿದ್ದಾನೆ. ಈ ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ ಅವರು ತುಳುನಾಡಿನವರೆಗೂ ಬಂದರು. 1992ರಲ್ಲಿ ಪ್ರಕಟವಾದ ಅವರ ಪುಸ್ತಕ ಆ ಶೋಧದ ಫಲ.

ಬೆನ್ ಯಿಜುವಿನ ಕಥೆಯಲ್ಲಿ ನಮ್ಮ ಮನಸ್ಸನ್ನು ತಟ್ಟುವ ಸಂಗತಿ ಇನ್ನೊಂದಿದೆ. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಮರಳಿದ. ಅಲ್ಲಿ ಅವನನ್ನು ಕಾಡಿದ ಚಿಂತೆ ಮಗಳ ಮದುವೆಯದು. ಪರಊರಿನ ಶ್ರೀಮಂತ ಸಂಬಂಧಕ್ಕಿಂತ ತನ್ನ ಅಣ್ಣತಮ್ಮಂದಿರ ಮನೆಯ ಹುಡುಗನೇ ಲೇಸೆಂದು ಅವನು ಪತ್ರ ಬರೆದ; 1156ರಲ್ಲಿ ಸೋದರನ ಮಗನೊಡನೆ ಆಕೆಯ ಮದುವೆಯೂ ನಡೆಯಿತು. ಎರಡು ಕಡಲುಗಳ ನಡುವೆ ನಿರ್ಭಯವಾಗಿ ಬಾಳಿದವನು ಕೊನೆಗೆ ನಿಂತುದು ಮನೆಯ ಹೊಸಿಲಿನಲ್ಲಿ. ನಮ್ಮಲ್ಲಿ ಎಷ್ಟು ಮಂದಿ ತಂದೆತಾಯಿಗಳು ಈ ಚಿಂತೆಯಲ್ಲಿ ನಿದ್ದೆಗೆಟ್ಟಿಲ್ಲ, ಹೇಳಿ!

ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. 1834ರಿಂದ 1917ರವರೆಗೆ ಕರಾರು ಕೂಲಿಗಳಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಮಾರಿಷಸ್, ಟ್ರಿನಿಡಾಡ್, ಫಿಜಿ ಮುಂತಾದ ಕಡೆಗೆ ಸಾಗಿಸಲ್ಪಟ್ಟರು. ಹಡಗಿನಲ್ಲಿ ಎಲ್ಲರಿಗೂ ಒಂದೇ ಅಡುಗೆ. ಪಂಕ್ತಿಭೇದವನ್ನು ಉಳಿಸಿಕೊಳ್ಳಲು ದಾರಿಯೇ ಇರಲಿಲ್ಲ. ಅದೇ ಹಡಗಿನಲ್ಲಿ ಹೊಸದೊಂದು ಬಾಂಧವ್ಯ ಹುಟ್ಟಿತು. ಒಟ್ಟಿಗೆ ಪಯಣಿಸಿದವರು ಪರಸ್ಪರರನ್ನು ಜಹಾಜಿ ಭಾಯಿ, ಎಂದರೆ ಹಡಗಿನ ಅಣ್ಣತಮ್ಮ, ಎಂದು ಕರೆದುಕೊಂಡರು. ಎಲ್ಲವನ್ನೂ ಕಳೆದುಕೊಂಡವರು ಕಟ್ಟಿಕೊಂಡ ಪಂಕ್ತಿ ಅದು.

ಉಳ್ಳವರ ಕಥೆ ಬೇರೆ. 1888ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯ ಪಂಚರು ಅವರಿಗೆ ಬಹಿಷ್ಕಾರ ವಿಧಿಸಿದರು. ನೆರವಾದವರಿಗೂ ಬಂದರಿಗೆ ಬೀಳ್ಕೊಡಲು ಹೋದವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡ. 1891ರಲ್ಲಿ ಮರಳಿದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ತೀರ್ಥಸ್ನಾನ ಮಾಡಿಸಿದರು; ರಾಜಕೋಟೆಯಲ್ಲಿ ಜಾತಿಬಾಂಧವರಿಗೆ ಭೋಜನ ಬಡಿಸಿದರು. ಪಂಕ್ತಿಯಿಂದ ಹೊರಗಾದವನು ಪಂಕ್ತಿಯ ಮೂಲಕವೇ ಒಳಗೆ ಬರಬೇಕು! ಆದರೆ ಆ ಮರಳುವಿಕೆಯಲ್ಲಿ ದಂಡಕ್ಕಿಂತ ದೊಡ್ಡದಾದ ನೋವೊಂದಿತ್ತು. ತಾಯಿ ತೀರಿಕೊಂಡ ಸುದ್ದಿ ಅವರಿಗೆ ತಿಳಿದದ್ದು ಊರು ಸೇರಿದ ಮೇಲೆಯೇ. ನಡುರಾತ್ರಿಯ ದೂರವಾಣಿಯ ಕರೆಗೆ ಬೆಚ್ಚಿ ಎದ್ದ ಅನುಭವವುಳ್ಳ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗರು 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟಾಗ ಬೃಹದಾಕಾರದ ಬೆಳ್ಳಿಯ ಕೊಡಗಳಲ್ಲಿ ಗಂಗಾಜಲವನ್ನು ಕೊಂಡೊಯ್ದರು. ಆ ಕೊಡಗಳನ್ನು ಜೈಪುರದ ಅರಮನೆಯಲ್ಲಿ ಇಂದೂ ನೋಡಬಹುದು. ಅವರು ಗಡಿಯನ್ನು ದಾಟಲಿಲ್ಲ, ಗಡಿಯನ್ನೇ ಹೊತ್ತುಕೊಂಡು ಹೋದರು.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಗಡಿ ಗಟ್ಟಿಯಾಗುತ್ತಿತ್ತು. ಅದು ಕಾಗದದ ಗಡಿ. ಹುಟ್ಟಿದ ದೇಶದಿಂದ ಎಲ್ಲಿಯೂ ತಂಗದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂದು ಕೆನಡಾ ಸರ್ಕಾರ 1908ರಲ್ಲಿ ನಿಯಮ ಮಾಡಿತು. ಭಾರತದ ಹೆಸರನ್ನು ಎತ್ತದೆಯೇ ಭಾರತೀಯರನ್ನು ತಡೆಯುವ ಉಪಾಯವದು. 1914ರಲ್ಲಿ 376 ಮಂದಿಯನ್ನು ಹೊತ್ತ ಕೊಮಗಾಟ ಮಾರು ಹಡಗು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಕಾದಿತ್ತು. ಕೆಲವರ ಹೊರತು ಉಳಿದವರೆಲ್ಲ ದಡವನ್ನು ಕಣ್ಣಾರೆ ಕಂಡು ಮರಳಬೇಕಾಯಿತು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೋರಿದ್ದು 2016ರಲ್ಲಿ.

ಅಮೆರಿಕದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಪಂಜಾಬಿನಿಂದ ಬಂದು ಮೊದಲನೆಯ ಮಹಾಯುದ್ಧದಲ್ಲಿ ಇಲ್ಲಿನ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರು ಪೌರತ್ವ ಕೇಳಿದರು. ಆಗಿನ ಕಾನೂನಿನಂತೆ ಏಷ್ಯಾದವರು ಬಿಳಿಯರೆನಿಸಿಕೊಂಡರಷ್ಟೇ ಪೌರತ್ವ. ಅವರ ಪರವಾಗಿ ಮಂಡಿಸಿದ ವಾದದಲ್ಲಿ ಉಚ್ಚಜಾತಿ, ಆರ್ಯರಕ್ತ ಎಂಬ ಮಾತುಗಳಿದ್ದವು. ಊರಿನ ಪಂಕ್ತಿಯಲ್ಲಿನ ಸ್ಥಾನವನ್ನು ತೋರಿಸಿ ಪರದೇಶದ ಪಂಕ್ತಿಯಲ್ಲಿ ಎಲೆ ಕೇಳಿದಂತಾಯಿತು. 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲನ್ನು ತೆರೆದರೂ ವರ್ಷಕ್ಕೆ ನೂರು ಮಂದಿಯ ಮಿತಿಯನ್ನಿಟ್ಟಿತು. 1965ರ ಕಾನೂನು ಬಂದ ಮೇಲೆಯೇ ನಮ್ಮಂಥ ಕುಟುಂಬಗಳಿಗೆ ದಾರಿ ಸುಗಮವಾದದ್ದು. ಇಂದು ಇಲ್ಲಿ ನಾವು ಹೋಳಿಗೆ ಊಟಕ್ಕೆ ಸೇರಿರುವುದರ ಹಿಂದೆ ಎಲೆ ಸಿಗದೆ ಮರಳಿದವರ ಇತಿಹಾಸವಿದೆ ಎಂಬುದನ್ನು ಮರೆಯಬಾರದು.

ಈ ಎರಡು ಗಡಿಗಳನ್ನೂ ಜೊತೆಗಿಟ್ಟು ನೋಡಿದರೆ ಅವು ಕೇಳುವ ಪ್ರಶ್ನೆ ಒಂದೇ ಎಂದು ತಿಳಿಯುತ್ತದೆ. ಊರಿನ ಪಂಚರು ನೀನು ಇನ್ನೂ ನಮ್ಮವನೇ ಎಂದು ಕೇಳಿದರು. ಬಂದರಿನ ಅಧಿಕಾರಿ ನೀನು ನಮ್ಮವನಾಗಬಲ್ಲೆಯಾ ಎಂದು ಕೇಳಿದ. ಇವೆರಡಕ್ಕೂ ಉತ್ತರ ಕೊಟ್ಟು ಬಂದ ನಾವು ಈಗ ಮೂರನೆಯ ಗಡಿಯೊಂದನ್ನು ಎಳೆಯುತ್ತಿದ್ದೇವೆಯೇ ಎಂಬುದೇ ನಮ್ಮ ಆತಂಕ. ಇಲ್ಲಿ ಹುಟ್ಟಿದ ಮಕ್ಕಳು ಶಾಲೆಯಲ್ಲಿ ಎಲ್ಲಿಯವರೆಂದು ಕೇಳಿಸಿಕೊಳ್ಳುತ್ತಾರೆ. ಬೆಂಗಳೂರಿಗೆ ಹೋದರೆ ಅಮೆರಿಕದವರೆನಿಸಿಕೊಳ್ಳುತ್ತಾರೆ. ಕನ್ನಡ ಕೂಟಕ್ಕೆ ಬಂದು ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ತಪ್ಪಿದರೆ ನಾವು ನಗುತ್ತೇವೆ. ನಮ್ಮದಲ್ಲದ ಮನೆತನದ ಗೆಳೆಯನನ್ನೋ ಗೆಳತಿಯನ್ನೋ ಮನೆಗೆ ಕರೆತಂದರೆ ಬೆನ್ ಯಿಜುವಿನಂತೆ ಹೊಸಿಲಿನಲ್ಲಿ ನಿಲ್ಲುತ್ತೇವೆ. ಎಲ್ಲ ಬಾಗಿಲುಗಳಲ್ಲಿಯೂ ತಪಾಸಣೆಗೆ ಒಳಗಾದ ಮಗು ಕೊನೆಗೆ ಯಾವ ಬಾಗಿಲನ್ನೂ ತಟ್ಟದಿರಬಹುದು.

ಕನ್ನಡವನ್ನು ಕಲಿಸಬಾರದೆಂದಾಗಲಿ, ಆಚಾರವನ್ನು ಬಿಡಬೇಕೆಂದಾಗಲಿ ನಮ್ಮ ಅಭಿಪ್ರಾಯವಲ್ಲ. ಕಲಿಸೋಣ, ತಿದ್ದೋಣ. ಆದರೆ ತಿದ್ದುವವನು ಪಕ್ಕದ ಎಲೆಯಲ್ಲಿ ಕುಳಿತಿರಬೇಕೇ ಹೊರತು ಗಡಿಯ ಕಾವಲಿನಲ್ಲಿ ನಿಂತಿರಬಾರದು. ಸಂಕಲ್ಪದಲ್ಲಿ ಈ ನೆಲಕ್ಕೊಂದು ಹೆಸರನ್ನು ಹುಡುಕಿಕೊಂಡ ಸಂಪ್ರದಾಯಕ್ಕೆ, ಈ ನೆಲದಲ್ಲಿ ಹುಟ್ಟಿದ ಮಕ್ಕಳಿಗೂ ಅವರ ಸಂಗಾತಿಗಳಿಗೂ ಸ್ಥಳ ಹುಡುಕುವುದು ಕಷ್ಟವಾಗಲಾರದು. ಮುಂದಿನ ಯುಗಾದಿಯ ಊಟಕ್ಕೆ ಅವರು ಬಂದಾಗ ಯಾರ ಮನೆಯವರೆಂದು ಕೇಳುವ ಮೊದಲು ಎಲೆ ಹಾಕೋಣ ಎಂದು ಬಿನ್ನವಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.