ಉಸಿರಿಲ್ಲದ ನೀರಿನಲ್ಲಿ ಬದುಕುಳಿದ ಮೀನುಗಳು

‘ನಮ್ಮೂರ ಕೆರೆಯ ಅಂಚಿನಲ್ಲಿ ಜೇಕು, ಜೊಂಡು ಒತ್ತಾಗಿ ಬೆಳೆದಿದೆ. ಕೆರೆ ಸತ್ತಂತೆ ಅಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಉತ್ತರ ಹುಡುಕಿಕೊಂಡು ಆಫ್ರಿಕಾದ ವಿಕ್ಟೋರಿಯಾ ಸರೋವರದ ದಡಕ್ಕೆ ಹೋಗಬೇಕು. ಅಲ್ಲಿ ನಮ್ಮ ಜೇಕಿನ ದೊಡ್ಡ ದಾಯಾದಿಯಿದೆ: ಪಪೈರಸ್. ಎರಡೂ ಸೈಪರಸ್ ಕುಲದವು. ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ಮೂರು ಅಂಚು ಕೈಗೆ ತಾಗುತ್ತವೆ. ಇವು ಹುಲ್ಲಲ್ಲ ಎನ್ನಲು ಅದೇ ಗುರುತು. ನಮ್ಮ ಗದ್ದೆಯ ಜೇಕು ಮೊಣಕಾಲಿನ ಮಟ್ಟಕ್ಕೆ ಬಂದರೆ ಹೆಚ್ಚು; ಪಪೈರಸ್ ನಾಲ್ಕೈದು ಮೀಟರ್ ಏರುತ್ತದೆ. ಬಿಸಿಲನ್ನು ಆಹಾರವಾಗಿಸುವ ವಿಧಾನದಲ್ಲಿ ಅದು ನಮ್ಮ ರಾಗಿ, ಜೋಳ, ಕಬ್ಬುಗಳ ಪಂಗಡಕ್ಕೆ ಸೇರಿದ್ದು. ಅದಕ್ಕೇ ಆ ಭರಾಟೆಯ ಬೆಳವಣಿಗೆ.

ದಕ್ಷಿಣ ಸುಡಾನಿನ ಸುಡ್ ಜೌಗು, ಬೋಟ್ಸ್‌ವಾನಾದ ಒಕವಾಂಗೋ, ಕೆನ್ಯಾದ ನೈವಾಷಾ ಸರೋವರದ ದಡ ಹೀಗೆ ನೀರು ನಿಧಾನವಾಗಿ ಹರಿಯುವ, ವರ್ಷವಿಡೀ ಒದ್ದೆಯಿರುವ ಕಡೆ ಇದರ ವಾಸ. ದಪ್ಪ ಬೇರುಕಾಂಡಗಳು ಒಂದರೊಳಗೊಂದು ಹೆಣೆದುಕೊಂಡು ನೀರಿನ ಮೇಲೆ ಚಾಪೆಯಂತೆ ಹರಡುತ್ತವೆ. ನೀರು ಏರಿದರೆ ಚಾಪೆಯೂ ಏರುತ್ತದೆ. ಗಾಳಿ ಜೋರಾದರೆ ಅದರ ತುಂಡುಗಳು ಕಿತ್ತುಕೊಂಡು ದ್ವೀಪಗಳಾಗಿ ತೇಲಿಹೋಗುತ್ತವೆ. ಸಿಟಟುಂಗಾ ಎಂಬ ಜಿಂಕೆಯಂಥ ಪ್ರಾಣಿ ಅಗಲಿಸಿದ ಉದ್ದ ಗೊರಸುಗಳಿಂದ ಇದರ ಮೇಲೆ ನಡೆದಾಡುತ್ತದೆ. ಪಪೈರಸ್ ಗೊನೊಲೆಕ್ ಎಂಬ ಹಕ್ಕಿಗೆ ಈ ಜೌಗೇ ಮನೆ.

ನನಗೆ ಅತ್ಯಂತ ಬೆರಗು ತಂದದ್ದು ಚಾಪೆಯ ಕೆಳಗಿನ ನೀರು. ಅಲ್ಲಿ ಬಿಸಿಲಿಲ್ಲ, ಹಾಗಾಗಿ ಪಾಚಿಯಿಲ್ಲ. ಗಾಳಿ ನೀರನ್ನು ಕಲಕುವುದಿಲ್ಲ. ಸತ್ತ ದಂಟುಗಳು ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ಹೀರಿಬಿಡುತ್ತವೆ. ಇದನ್ನು ನೋಡಿದವರು ‘ಸತ್ತ ನೀರು’ ಎನ್ನುತ್ತಾರೆ. ಆದರೆ ನಡೆದದ್ದೇ ಬೇರೆ. 1950–60ರ ದಶಕಗಳಲ್ಲಿ ವಿಕ್ಟೋರಿಯಾ ಸರೋವರಕ್ಕೆ ನೈಲ್ ಪರ್ಚ್ ಎಂಬ ಭಾರೀ ಬೇಟೆಮೀನನ್ನು ತಂದು ಬಿಟ್ಟರು. ಮನುಷ್ಯನಿಗಿಂತ ಉದ್ದ ಬೆಳೆಯಬಲ್ಲ ಮೀನು ಅದು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ನೂರಾರು ಬಗೆಯ ಪುಟ್ಟ ಸಿಕ್ಲಿಡ್ ಮೀನುಗಳು ಅಲ್ಲಿದ್ದವು. ಅವುಗಳಲ್ಲಿ ಬಹಳಷ್ಟು ಕಣ್ಮರೆಯಾದವು. ಅಳಿದುಳಿದ ಕೆಲವು ಸಿಕ್ಕಿದ್ದು ಎಲ್ಲಿ ಗೊತ್ತೆ? ಇದೇ ಜೌಗಿನೊಳಗೆ! ನೈಲ್ ಪರ್ಚ್‌ಗೆ ಆಮ್ಲಜನಕ ಧಾರಾಳವಾಗಿ ಬೇಕು. ಜೌಗಿನೊಳಗೆ ನುಗ್ಗಿದರೆ ಅದಕ್ಕೇ ಉಸಿರುಕಟ್ಟುತ್ತದೆ. ಪುಟ್ಟ ಮೀನುಗಳು ಮೇಲಕ್ಕೆ ಬಂದು, ಗಾಳಿ ಸೋಕುವ ತೆಳುಪದರದ ನೀರನ್ನು ಕಿವಿರುಗಳ ಮೇಲೆ ಹಾಯಿಸಿಕೊಂಡು ಬದುಕುತ್ತವೆ. ಶ್ವಾಸಕೋಶವಿರುವ ಲಂಗ್‌ಫಿಶ್ ನೇರವಾಗಿ ಗಾಳಿಯನ್ನೇ ಕುಡಿಯುತ್ತದೆ. ಉಗಾಂಡಾದ ನಬುಗಾಬೊ ಸರೋವರದಲ್ಲಿ ವಿಜ್ಞಾನಿಗಳು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬೇಟೆಗಾರನಿಗೆ ಪ್ರವೇಶವಿಲ್ಲದ ಕೋಟೆ ಕಟ್ಟಿಕೊಟ್ಟದ್ದು ನಾವು ಕಳೆಯೆಂದು ಹಳಿಯುವ ಗಿಡದ ದಾಯಾದಿ.

  

ಚರಂಡಿ ನೀರು ನುಗ್ಗಿ ಕೆರೆ ಉಸಿರು ಕಳೆದುಕೊಳ್ಳುವುದು ಬೇರೆ ಮಾತು. ಅದು ನಿಜಕ್ಕೂ ಸಾವೇ. ಅಂಚಿನಲ್ಲಿ ಜೇಕು, ಜೊಂಡು ಇರುವುದು ಮಾತ್ರ ಸಾವಿನ ಲಕ್ಷಣವಲ್ಲ. ನೀರುಕೋಳಿಗಳು ಗೂಡು ಕಟ್ಟುವುದು, ಮೀನಿನ ಮರಿಗಳು ಅಡಗುವುದು ಅಲ್ಲೇ. ಹೂಳೆತ್ತಲು ಜೆಸಿಬಿ ಬಂದಾಗ ಇಡೀ ದಡವನ್ನು ಬೋಳಿಸಲು ಬಿಡಬೇಡಿ. ಒಂದು ಬದಿಯ ಜೊಂಡನ್ನಾದರೂ ಹಾಗೇ ಉಳಿಸಿಕೊಳ್ಳಿ.